ಹೊಳೆಯುವ ಕ್ರ್ಯಾಂಕಿನ ಮೂಲೆ ನೋಡಿದಿರಾ?

ಹೊಸ ಗಾಡಿ ತಂದರೆ ಚಕ್ರದ ಕೆಳಗೆ ನಿಂಬೆಹಣ್ಣು ಇಡುತ್ತೇವೆ. ಇಡೋಣ, ಇಂಜಿನ್ನಿಗೆ ಅದರಿಂದ ನಷ್ಟವೇನಿಲ್ಲ. ನನಗೆ ಸಿಟ್ಟು ಬರುವುದು ಇನ್ನೊಂದು ನಂಬಿಕೆಯ ಮೇಲೆ. ‘ಈಗಷ್ಟೇ ಡಬ್ಬದಿಂದ ತೆಗೆದದ್ದು, ಫಳಫಳ ಹೊಳೀತಿದೆ, ಕಾಯಿಸಿ ಬಡಿದು ಫೋರ್ಜ್ ಮಾಡಿದ ಉಕ್ಕು ಬೇರೆ. ಇನ್ನೇನು ನೋಡೋದು?’ ಇಂಜಿನ್ ದೊಡ್ಡದು ಮಾಡಲು ಕ್ರ್ಯಾಂಕ್‌ಶಾಫ್ಟ್ (ಪಿಸ್ಟನ್ನಿನ ಮೇಲೆ-ಕೆಳಗಿನ ಓಟವನ್ನು ಸುತ್ತಾಗಿ ತಿರುಗಿಸುವ ಡೊಂಕು ದಂಡ) ಕೊಳ್ಳುವವರೇ ಹೀಗೆ ಕೇಳಿದರೆ ಮೈ ಉರಿಯುತ್ತದೆ.

ಅಮೆರಿಕದ ಶೆವರ್ಲೆ ಸ್ಮಾಲ್ ಬ್ಲಾಕ್ ಇಂಜಿನ್ನನ್ನೇ ತೆಗೆದುಕೊಳ್ಳಿ. ಅದರಲ್ಲಿ 350 ಅನ್ನುವುದು ಎಂಟು ಸಿಲಿಂಡರಿನದು. 350 ಘನ ಇಂಚು ಅಂದರೆ 5.7 ಲೀಟರ್. ಸ್ಟ್ರೋಕ್, ಅಂದರೆ ಪಿಸ್ಟನ್ ಮೇಲಿಂದ ಕೆಳಗೆ ಓಡುವ ದೂರ, 3.48 ಇಂಚು. 1970ರಲ್ಲಿ ಗಾತ್ರದಲ್ಲಿ ಇದಕ್ಕೆ ಅಣ್ಣನಾದ 400 ಬಂತು, ಸ್ಟ್ರೋಕ್ 3.75 ಇಂಚು. ರೇಸಿನ ಹುಚ್ಚಿದ್ದವರು ಅಣ್ಣನ ಕ್ರ್ಯಾಂಕ್ ಬಿಚ್ಚಿ ತಮ್ಮನಿಗೆ ಹಾಕಲು ಹೊರಟರು. ಕ್ರ್ಯಾಂಕ್ ಇಂಜಿನ್ನಿನಲ್ಲಿ ಕೂತು ತಿರುಗುವ ದುಂಡು ಭಾಗಕ್ಕೆ ಮೇನ್ ಜರ್ನಲ್ ಅನ್ನುತ್ತಾರೆ. ಅಣ್ಣನದರ ಅಗಲ 2.65 ಇಂಚು, ತಮ್ಮನದು 2.45. ಹಾಗಾಗಿ ಗ್ರೈಂಡ್ ಮಾಡಿ ಇಳಿಸಿದರು. ಸಿಲಿಂಡರನ್ನು 0.030 ಇಂಚು ಅಗಲ ಮಾಡಿದರು. 383 ಘನ ಇಂಚಿನ ಇಂಜಿನ್ ಸಿದ್ಧವಾಯಿತು. ಈಗ ಅದೇ ಅಳತೆಯ ಹೊಸ ಕ್ರ್ಯಾಂಕುಗಳನ್ನು ಬೇರೆ ಕಂಪನಿಗಳೇ ಮಾಡಿ ಮಾರುತ್ತವೆ.

ಇಲ್ಲೊಂದು ಚಂದದ ಲೆಕ್ಕವಿದೆ. ಕ್ರ್ಯಾಂಕನ್ನು ತುದಿಯಿಂದ ಇಣುಕಿ ನೋಡಿ. ಮೇನ್ ಜರ್ನಲ್ ಒಂದು ವೃತ್ತ. ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡ್ ಕೂರುವ ಜರ್ನಲ್ ಪಕ್ಕಕ್ಕೆ ಸರಿದ ಇನ್ನೊಂದು ವೃತ್ತ. ಎರಡು ನಾಣ್ಯಗಳನ್ನು ಅರ್ಧಂಬರ್ಧ ಒಂದರ ಮೇಲೊಂದು ಇಟ್ಟ ಹಾಗೆ. ಎರಡೂ ಸೇರುವ ಆ ಪಟ್ಟಿಯಲ್ಲಿ ಉಕ್ಕು ನೇರವಾಗಿ ಹಾದುಹೋಗುತ್ತದೆ, ಗಟ್ಟಿತನ ಇರುವುದೇ ಅಲ್ಲಿ. 350ರಲ್ಲಿ ಆ ಪಟ್ಟಿ 13.6 ಮಿ.ಮೀ. ಇದ್ದರೆ 383ರಲ್ಲಿ ಬರೀ 10.2. ಸ್ಟ್ರೋಕ್ ಉದ್ದವಾದಷ್ಟೂ ನಾಣ್ಯಗಳು ದೂರ ಸರಿಯುತ್ತವೆ. ಹೊಡೆತ ಜಾಸ್ತಿ, ತಡೆಯುವ ಉಕ್ಕು ಕಮ್ಮಿ.

ಆ ಹೊಡೆತವೆಲ್ಲ ಹೋಗಿ ಸೇರುವುದು ಒಂದು ಮೂಲೆಗೆ, ಜರ್ನಲ್ಲೂ ಪಕ್ಕದ ಗೋಡೆಯೂ ಕೂಡುವ ಕಡೆ. ಅಲ್ಲಿ ಬಿಡುವ ದುಂಡನೆಯ ತಿರುವಿಗೆ ಫಿಲೆಟ್ ಅನ್ನುತ್ತಾರೆ. ಶಾಂಪೂ ಸ್ಯಾಶೆ ನೆನಪಿಸಿಕೊಳ್ಳಿ. ಅಂಚಿನ ಸಣ್ಣ ಕಚ್ಚಿನಿಂದ ಎಳೆದರೆ ಸಲೀಸಾಗಿ ಹರಿಯುತ್ತದೆ, ಕಚ್ಚಿಲ್ಲದಿದ್ದರೆ ಹಲ್ಲೇ ಬೇಕು. ಬಟ್ಟೆ ಅಂಗಡಿಯವನೂ ಅಷ್ಟೇ: ಕತ್ತರಿಯಿಂದ ಒಂದು ಚುಕ್ಕಿ, ಆಮೇಲೆ ಪರ್ ಅಂತ ಒಂದೇ ಎಳೆತ. ಜಾತ್ರೆಯಲ್ಲಿ ಗಲ್ಲಿ ತಿರುಗುವ ಮೂಲೆಯಲ್ಲೇ ನೂಕುನುಗ್ಗಲು ಜಾಸ್ತಿ, ಅಲ್ವಾ? ಉಕ್ಕಿನೊಳಗೆ ಒತ್ತಡವೂ ಹಾಗೇ ಮೂಲೆಯಲ್ಲಿ ಗುಂಪುಗೂಡುತ್ತದೆ. ನಿಮಿಷಕ್ಕೆ 6000 ಸುತ್ತು ತಿರುಗಿದರೆ ಒಂದೊಂದು ಸಿಲಿಂಡರೂ ಸೆಕೆಂಡಿಗೆ 50 ಸಲ ಹೊಡೆಯುತ್ತದೆ. ಗಂಟೆಗೆ 1,80,000 ಸಲ!

ಇದು ಗೊತ್ತಾಗಲು ಜನ ಸಾಯಬೇಕಾಯಿತು. 1842ರ ಮೇ 8ರಂದು ವರ್ಸೈಯಿಂದ ಪ್ಯಾರಿಸ್ಸಿಗೆ ಹೊರಟ ರೈಲಿನ ಇಂಜಿನ್ನಿನ ಆಕ್ಸಲ್ (ಚಕ್ರದ ಅಚ್ಚು) ಮುರಿದು, ಬೋಗಿಗಳಿಗೆ ಬೆಂಕಿ ಹತ್ತಿ ಐವತ್ತಕ್ಕೂ ಹೆಚ್ಚು ಜನ ಸತ್ತರು. ಕುಲುಕಿ ಕುಲುಕಿ ಕಬ್ಬಿಣ ಹರಳಾಗಿಬಿಡುತ್ತದೆ, ಅದಕ್ಕೇ ಮುರಿಯುತ್ತದೆ ಎಂದು ಆಗ ಎಷ್ಟೋ ಜನ ನಂಬಿದ್ದರು. ಕಬ್ಬಿಣವಾಗಲಿ ಉಕ್ಕಾಗಲಿ ಹುಟ್ಟಿನಿಂದಲೇ ಹರಳು, ಸ್ವಾಮಿ! ಮರುವರ್ಷ ರ್‍ಯಾಂಕಿನ್ ಎಂಬ ಸ್ಕಾಟ್ಲೆಂಡಿನ ಹುಡುಗ ಮುರಿದ ಆಕ್ಸಲ್‌ಗಳನ್ನು ನೋಡಿ ಸರಿಯಾದ ಉತ್ತರ ಕೊಟ್ಟ. ಬಿರುಕು ಚೂಪು ಮೂಲೆಯಲ್ಲಿ ಹುಟ್ಟಿ, ಸ್ವಲ್ಪಸ್ವಲ್ಪವೇ ಒಳಗೆ ತೆವಳುತ್ತದೆ. ಆ ಮೂಲೆಯನ್ನು ದುಂಡಗೆ ಮಾಡಿ ಎಂದ.

ಹಾಗಾಗಿ ಹೊಸ ಕ್ರ್ಯಾಂಕ್ ಬಂದರೆ ನಾನು ಮೊದಲು ನೋಡುವುದು ಫಿಲೆಟ್. ಉಗುರು ಆಡಿಸಿದರೆ ಗೀರು, ಮೆಟ್ಟಿಲು ಯಾವುದೂ ತಾಗಬಾರದು. ದೊಡ್ಡ ಫಿಲೆಟ್ ಒಳ್ಳೆಯದೇ, ಆದರೆ ಜರ್ನಲ್ ಸುತ್ತ ಮಾಮೂಲಿ ಬೇರಿಂಗ್ ಹಾಕಿದರೆ ಅದರ ಅಂಚು ಫಿಲೆಟ್ ಮೇಲೇ ಹತ್ತಿ ಉಜ್ಜುತ್ತದೆ. ಅಂಚು ಸವರಿದ ಬೇರಿಂಗ್ ಬೇಕು. ಇನ್ನು ಜರ್ನಲ್‌ಗಳನ್ನು ಮೈಕ್ರೋಮೀಟರಿನಲ್ಲಿ ಅಳೆಯುವುದು, ವಿ ಬ್ಲಾಕ್ ಮೇಲಿಟ್ಟು ಡಯಲ್ ಗೇಜಿನಲ್ಲಿ ಬಾಗಿದೆಯಾ ನೋಡುವುದು, ಎಲ್ಲ ಸ್ಟ್ರೋಕೂ ಒಂದೇ ಇದೆಯಾ ತಾಳೆ ಹಾಕುವುದು ಇದ್ದೇ ಇದೆ.

ಕ್ರ್ಯಾಂಕನ್ನು ತೂಗುಹಾಕಿ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಗಂಟೆಯ ಹಾಗೆ ನಾದ ಬರಬೇಕು. ಸಂತೆಯಲ್ಲಿ ಮಡಕೆ ತಟ್ಟಿ ಕೊಳ್ಳುವುದು ಇದೇ ಲೆಕ್ಕ. ಆದರೆ ಕೂದಲೆಳೆಯಷ್ಟು ಬಿರುಕು ನಾದಕ್ಕೆ ಸಿಗುವುದಿಲ್ಲ. ಅದಕ್ಕೆ ಅಯಸ್ಕಾಂತ ಬೇಕು. ಅಮೆರಿಕದ ವಿಲಿಯಂ ಹೋಕ್, ಅಯಸ್ಕಾಂತ ಹಿಡಿದಿಟ್ಟ ಉಕ್ಕನ್ನು ಗ್ರೈಂಡ್ ಮಾಡುವಾಗ ಕಬ್ಬಿಣದ ಪುಡಿ ಬಿರುಕಿನ ಗುಂಟ ಗೆರೆಯಾಗಿ ಕೂರುವುದನ್ನು ಕಂಡಿದ್ದ. ಬಿರುಕಿನಲ್ಲಿ ಅಯಸ್ಕಾಂತದ ಬಲ ಹೊರಗೆ ಸೋರುತ್ತದೆ, ಪುಡಿ ಅಲ್ಲಿಗೇ ಓಡುತ್ತದೆ. 1934ರಲ್ಲಿ ಮ್ಯಾಗ್ನಾಫ್ಲಕ್ಸ್ ಕಂಪನಿ ಹುಟ್ಟಿದ್ದು ಇದೇ ವಿದ್ಯೆಯ ಮೇಲೆ. ಈಗ ಕ್ರ್ಯಾಂಕಿಗೆ ಅಯಸ್ಕಾಂತದ ಗುಣ ಹತ್ತಿಸಿ, ಹೊಳೆಯುವ ಪುಡಿ ಕಲಸಿದ ದ್ರವ ಸುರಿದು, ಕತ್ತಲಲ್ಲಿ ಅತಿನೇರಳೆ ದೀಪ ಹಿಡಿದರೆ ಬಿರುಕು ಹಸಿರು ಗೆರೆಯಾಗಿ ಉರಿಯುತ್ತದೆ. ಎರಡು ದಿಕ್ಕಿನಲ್ಲೂ ಮಾಡಿಸಬೇಕು. ಅಯಸ್ಕಾಂತದ ಬಲ ಹರಿಯುವ ದಿಕ್ಕಿನ ಗುಂಟವೇ ಮಲಗಿದ ಬಿರುಕು ಕಾಣುವುದೇ ಇಲ್ಲ.

ಆಮೇಲೆ ಕ್ರ್ಯಾಂಕಿಗೆ ಹತ್ತಿದ ಅಯಸ್ಕಾಂತದ ಗುಣ ಇಳಿಸಲು ಮರೆಯಬೇಡಿ. ಮರೆತರೆ ಎಣ್ಣೆಯಲ್ಲಿನ ಕಬ್ಬಿಣದ ಚೂರನ್ನೆಲ್ಲ ಕ್ರ್ಯಾಂಕೇ ಬರಸೆಳೆದು ಬೇರಿಂಗಿಗೆ ಉಣಿಸುತ್ತದೆ. ಹೊಸದೇ ಆದರೂ ಎಣ್ಣೆ ತೂತುಗಳಿಗೆ ಉದ್ದ ಬ್ರಷ್ ಹಾಕಿ ತೊಳೆಯಿರಿ. ಹೊಳೆಯುವ ಕ್ರ್ಯಾಂಕಿನ ತೂತಿನಿಂದಲೂ ಕಪ್ಪು ಮಸಿ ಬರುತ್ತದೆ.