ಇನ್ಸರ್ಟ್ ದುಡ್ಡು ಯಾರು ಕೊಡಬೇಕು?

ಫಿಟ್ಟರ್ ಹುಡುಗನ ಕೈ ಹೇಗಿದೆ ಅಂತ ತಿಳಿಯೋದಕ್ಕೆ ನಾನು ಅಂಕಪಟ್ಟಿ ನೋಡುವುದಿಲ್ಲ. ಎಂ.ಎಸ್. ಫ್ಲಾಟಿನ, ಅಂದರೆ ಮೆದು ಉಕ್ಕಿನ ಪಟ್ಟಿಯ, ಒಂದು ತುಂಡು ಕೊಟ್ಟು, ವೈಸಿಗೆ ಕಚ್ಚಿಸಿ, "ಒಂದು ಬದಿ ಫೈಲಿಂಗ್ ಮಾಡಪ್ಪಾ" ಅನ್ನುತ್ತೇನೆ, ಅಂದರೆ ಅರದಿಂದ ಉಜ್ಜಿ ಸಮ ಮಾಡುವುದು. ಅರ್ಧ ಗಂಟೆ ಬಿಟ್ಟು ಅದಕ್ಕೆ ನೇರ, ಮೂಲೆ ನೋಡುವ ಟ್ರೈ ಸ್ಕ್ವೇರ್ ಇಟ್ಟು ಕಿಟಕಿ ಬೆಳಕಿಗೆ ಹಿಡಿದರೆ ಎಲ್ಲ ಗೊತ್ತಾಗುತ್ತದೆ. ಅಲಗಿನ ಕೆಳಗೆ ಎರಡೂ ತುದಿಯಲ್ಲಿ ಬೆಳಕು ಇಣುಕಿ ನಡುವೆ ಕತ್ತಲಿದ್ದರೆ ಮಧ್ಯ ಉಬ್ಬಿದೆ, ಫೈಲು ಕೈಯಲ್ಲಿ ತೂಗಾಡಿದೆ ಅಂತ ಲೆಕ್ಕ. ಮೈಸೂರಿನ ಹೆಬ್ಬಾಳು ಕೈಗಾರಿಕಾ ಪ್ರದೇಶದಲ್ಲಿ ಅಚ್ಚು, ಉಪಕರಣ ತಯಾರಿಸುವ ನಮ್ಮ ಟೂಲ್‌ರೂಮಿಗೆ ವರ್ಷವರ್ಷವೂ ಐಟಿಐ ಮುಗಿಸಿದ ಹುಡುಗರು ಬರುತ್ತಾರೆ. ಹೆಚ್ಚಿನವರ ತುಂಡು ಉಬ್ಬಿಯೇ ಇರುತ್ತದೆ. ಎರಡು ವರ್ಷ ಏನು ಮಾಡಿದೆಯಪ್ಪಾ ಅಂತ ಪಾಂಡವಪುರ ಕಡೆಯ ಹುಡುಗನೊಬ್ಬನನ್ನು ಕೇಳಿದ್ದೆ. "ಬ್ಯಾಚಿಗೆಲ್ಲ ನಾಕೇ ಪೀಸು ಬಂದಿದ್ವು ಸಾರ್, ಸರದಿ ಮೇಲೆ ಉಜ್ಜಿದ್ವಿ" ಅಂದ.

ಕೌಶಲ ತರಬೇತಿಯಲ್ಲಿ ಸರ್ಕಾರ ಮತ್ತು ಖಾಸಗಿಯವರ ಸಹಭಾಗಿತ್ವ ಅಂದಾಗ ಕೋಟಿಗಳ ಮಾತು ಬರುತ್ತದೆ, ಯಂತ್ರಗಳ ಫೋಟೊ ಬರುತ್ತದೆ. ನಾಲ್ಕು ಪೀಸಿನ ಮಾತು ಬರುವುದಿಲ್ಲ. ಕೆಲವು ವರ್ಷ ಒಂದು ಸರ್ಕಾರಿ ಐಟಿಐಯ ನಿರ್ವಹಣಾ ಸಮಿತಿಯಲ್ಲಿ ಉದ್ಯಮದ ಕಡೆಯಿಂದ ಕೂತು ಕಾಫಿ ಕುಡಿದವನು ನಾನು. ಆ ಋಣಕ್ಕೆ ಈ ಬರಹ.

ಈ ಸಮಿತಿಗೆ ಎಲ್ಲರ ಬಾಯಲ್ಲೂ ಐಎಂಸಿ ಅಂತಲೇ ಹೆಸರು. 2007-08ರಲ್ಲಿ ಕೇಂದ್ರ ಸರ್ಕಾರ ದೇಶದ 1,396 ಸರ್ಕಾರಿ ಐಟಿಐಗಳನ್ನು ಸಹಭಾಗಿತ್ವದಲ್ಲಿ ಮೇಲೆತ್ತಲು ಹೊರಟಾಗ ಇದಕ್ಕೆ ಜೀವ ಬಂತು. ಅಧ್ಯಕ್ಷರು ಉದ್ಯಮದವರು, ಕಾರ್ಯದರ್ಶಿ ಪ್ರಾಂಶುಪಾಲರು. ಒಂದೊಂದು ಐಟಿಐಗೂ 2.5 ಕೋಟಿ ರೂಪಾಯಿ ಬಡ್ಡಿಯಿಲ್ಲದ ಸಾಲ. ಮೊದಲ ಹತ್ತು ವರ್ಷ ಕಂತಿಲ್ಲ, ಆಮೇಲೆ ಇಪ್ಪತ್ತು ವರ್ಷದಲ್ಲಿ ತೀರಿಸಬೇಕು. ಶೇ 20ರವರೆಗಿನ ಸೀಟು ತುಂಬುವ ಅಧಿಕಾರ ಸಮಿತಿಗೆ. ಕಾಗದದ ಮೇಲೆ ಚೆನ್ನಾಗಿಯೇ ಇತ್ತು. ಆದರೆ ಸಾಲ ಅಂದರೆ ನಮ್ಮವರಿಗೆ ಸಾಲವೇ. ಯಾವಾಗಲೋ ವರ್ಗವಾಗಿ ಹೋಗುವ ಪ್ರಾಂಶುಪಾಲರು ಇಪ್ಪತ್ತು ವರ್ಷದ ಕಂತಿನ ಕಾಗದಕ್ಕೆ ಸಹಿ ಹಾಕಿ ಧೈರ್ಯವಾಗಿ ಖರ್ಚು ಮಾಡುತ್ತಾರೆಯೆ? ನಾನು ಕೂತ ಸಮಿತಿಯಲ್ಲಂತೂ ದುಡ್ಡು ಬ್ಯಾಂಕಿನಲ್ಲಿ ಇದ್ದಷ್ಟು ನೆಮ್ಮದಿಯಾಗಿ ಬೇರೆಲ್ಲೂ ಇರಲಿಲ್ಲ.

ಇನ್ನೊಂದು ಐಟಿಐ, ಹೆಸರು ಬೇಡ. ಅಲ್ಲಿಗೆ ಕಂಪನಿಯೊಂದು ಕಂಪ್ಯೂಟರ್ ಪ್ರೋಗ್ರಾಂನಿಂದ ಓಡುವ ಸಿಎನ್‌ಸಿ ಲೇತ್ ಕೊಟ್ಟಿತು. ಅರಿಶಿನ ಕುಂಕುಮ ಹಚ್ಚಿ, ಹಾರ ಹಾಕಿ ಪೂಜೆಯೂ ಆಯಿತು. ಒಂದು ವರ್ಷ ಕಳೆದು ಹೋಗಿ ನೋಡಿದೆ. ಕುಂಕುಮ ಹಾಗೇ ಇತ್ತು. ಕೊರೆದ ಚೂರು ಬೀಳುವ ಚಿಪ್ ಟ್ರೇ ಎಳೆದೆ, ಒಳಗಿನ ಬಣ್ಣಕ್ಕೆ ಒಂದು ಗೀರೂ ಬಿದ್ದಿರಲಿಲ್ಲ. ಯಂತ್ರ ಓಡುತ್ತಿತ್ತು ನಿಜ, ಹುಡುಗರು ಪ್ರೋಗ್ರಾಂ ಹಾಕಿ ಬರೀ ಗಾಳಿ ಕೊರೆಯುತ್ತಿದ್ದರು. ಕಾರಣ ಇನ್ಸರ್ಟ್. ಕಬ್ಬಿಣ ಕೊರೆಯುವ ಈ ಕಾರ್ಬೈಡ್ ಚೂರು ಗಾತ್ರದಲ್ಲಿ ಹಲ್ಲಿನಷ್ಟು, ಬೆಲೆಯಲ್ಲಿ ಕೆಲವು ನೂರು ರೂಪಾಯಿ. ಹೊಸಬರ ಕೈಗೆ ಸಿಕ್ಕರೆ ಮುರಿಯುತ್ತದೆ, ಮುರಿಯಲೇಬೇಕು, ಮುರಿಯದೆ ಯಾರೂ ಕಲಿತಿಲ್ಲ. ಯಂತ್ರ ಕೊಟ್ಟಾಯಿತಲ್ಲ ಅಂತ ಕಂಪನಿ. ಇಂಡೆಂಟಿನಲ್ಲಿ, ಅಂದರೆ ಸಾಮಾನು ಬೇಡಿಕೆಯ ಪಟ್ಟಿಯಲ್ಲಿ, ಆ ಐಟಂ ಇಲ್ಲ ಅಂತ ಆಫೀಸು. ಮುರಿದರೆ ತನ್ನ ಮೇಲೆ ಬರುತ್ತದೆ ಅಂತ ಕಿರಿಯ ತರಬೇತಿ ಅಧಿಕಾರಿ. ಮೂವರದ್ದೂ ಸುಳ್ಳಲ್ಲ. ಒಡಂಬಡಿಕೆ ಬರೆದವರು ಯಂತ್ರದ ಬೆಲೆ ಬರೆದಿದ್ದರು, ಅದರ ಹೊಟ್ಟೆಪಾಡು ಬರೆದಿರಲಿಲ್ಲ.

ಸರ್ಕಾರದ ಟೂಲ್ ರೂಂ, ಅಂದರೆ ತರಬೇತಿಯನ್ನೂ ಕೊಡುವ ಜಿಟಿಟಿಸಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. 1972ರಲ್ಲಿ ಡೆನ್ಮಾರ್ಕ್ ನೆರವಿನಿಂದ ಬೆಂಗಳೂರಿನಲ್ಲಿ ಶುರುವಾದದ್ದು, ಈಗ ಮೈಸೂರಲ್ಲೂ ಇದೆ, ಮದ್ದೂರಲ್ಲೂ ಇದೆ. ಅಲ್ಲಿನ ಟೂಲ್ ಅಂಡ್ ಡೈ ಡಿಪ್ಲೊಮಾ ನಾಲ್ಕು ವರ್ಷದ್ದು, ಕೊನೆಯ ವರ್ಷ ಪೂರ್ತಿ ಕಾರ್ಖಾನೆಯಲ್ಲಿ. ಅದಕ್ಕಿಂತ ಮುಖ್ಯವಾದದ್ದು, ಹೊರಗಿನ ಗಿರಾಕಿಗಳ ಡೈ, ಮೋಲ್ಡ್ ಕೆಲಸವೂ ಅದೇ ಸೂರಿನಡಿ ನಡೆಯುತ್ತದೆ. ಗಿರಾಕಿ ತಾರೀಖು ಕೊಟ್ಟು ಹೋಗಿರುವಾಗ ಇನ್ಸರ್ಟ್ ಇಲ್ಲ ಅಂತ ಯಾರೂ ಕೈ ಕಟ್ಟಿ ಕೂರುವುದಿಲ್ಲ. ನಮ್ಮ ಪೇಟೆಯಲ್ಲಿ ಅಲ್ಲಿನ ಹುಡುಗರಿಗೆ ಬೇಡಿಕೆ ಇರುವುದು ಸುಮ್ಮನೆ ಅಲ್ಲ.

ಇನ್ನು ಅಪ್ರೆಂಟಿಸ್ ವಿಚಾರ. 1961ರ ಕಾಯ್ದೆ, ಅದರ ನಿಯಮಗಳಿಗೆ 2019ರಲ್ಲಿ ತಿದ್ದುಪಡಿ ಆಯಿತು. ಆ ಪ್ರಕಾರ 30 ಮತ್ತು ಅದಕ್ಕಿಂತ ಹೆಚ್ಚು ಜನರಿರುವ ಕಡೆ ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಐಟಿಐ ಆದವರಿಗೆ ಸ್ಟೈಪೆಂಡ್ ತಿಂಗಳಿಗೆ ಕನಿಷ್ಠ 7,000 ರೂ. ಎಂದು ಆಗ ಗೊತ್ತು ಮಾಡಿದರು. 2016ರ ಪ್ರೋತ್ಸಾಹ ಯೋಜನೆಯಡಿ ಸ್ಟೈಪೆಂಡಿನ ಶೇ 25, ಹೆಚ್ಚೆಂದರೆ 1,500 ರೂ. ಕೇಂದ್ರವೇ ಭರಿಸುತ್ತದೆ. ನನ್ನ ಕಣ್ಣಲ್ಲಿ ಇದು ಯಂತ್ರದಾನಕ್ಕಿಂತ ಗಟ್ಟಿ ಸಹಭಾಗಿತ್ವ. ಕೆಡುವುದು ಎಲ್ಲಿ ಅಂದರೆ, ಹುಡುಗನನ್ನು ಪ್ಯಾಕಿಂಗಿಗೆ ನಿಲ್ಲಿಸಿ ವರ್ಷ ತಳ್ಳಿಬಿಡುವ ಕಡೆ. ಮಂಡ್ಯದಿಂದ ಬೆಳಿಗ್ಗೆ ರೈಲು ಹಿಡಿದು ಬರುವವನಿಗೆ, ಕೂರ್ಗಳ್ಳಿಯಲ್ಲಿ ನಾಲ್ವರು ಸೇರಿ ಒಂದು ರೂಮು ಮಾಡಿಕೊಂಡವನಿಗೆ ಅದು ಒಂದು ತಿಂಗಳೊಳಗೆ ಅರ್ಥವಾಗುತ್ತದೆ. ಗೌರಿ ಹಬ್ಬಕ್ಕೆ ಊರಿಗೆ ಹೋದವನು ತಿರುಗಿ ಬರುವುದಿಲ್ಲ. ಎಚ್.ಆರ್.ನವರು ರಿಜಿಸ್ಟರಿನಲ್ಲಿ "ಆಸಕ್ತಿ ಇಲ್ಲ" ಅಂತ ಬರೆಯುತ್ತಾರೆ.

ರಾಜ್ಯದ 150 ಐಟಿಐಗಳು ಉದ್ಯಮಗಳ ಜೊತೆಗೂಡಿ ತಂತ್ರಜ್ಞಾನ ಕೇಂದ್ರಗಳಾಗಿ 2022ರ ಜೂನ್‌ನಲ್ಲಿ ಉದ್ಘಾಟನೆಯಾದವು. ವೆಚ್ಚ 4,700 ಕೋಟಿ ರೂಪಾಯಿ ಮೇಲೆ. 2025ರ ಅಕ್ಟೋಬರ್‌ನಲ್ಲಿ ಐಟಿಐಗಳನ್ನು ಮೇಲೆತ್ತುವ ಕೇಂದ್ರದ ಯೋಜನೆ ಪಿಎಂ-ಸೇತು ಬಂತು: 1,000 ಐಟಿಐ, 60,000 ಕೋಟಿ, ಅದರಲ್ಲಿ ಉದ್ಯಮದ ಪಾಲು 10,000 ಕೋಟಿ. ಇದು ಒಳ್ಳೆಯದೇ, ಕೊಂಕು ನುಡಿಯುವುದಿಲ್ಲ. ಮೈಸೂರು, ಮಂಡ್ಯದಲ್ಲಿ ಇಂಥ ಒಪ್ಪಂದಕ್ಕೆ ಕೂರುವವರಿಗೆ ನನ್ನದೊಂದೇ ಕೋರಿಕೆ. ಯಂತ್ರದ ಪಟ್ಟಿಯ ಕೆಳಗೆ ಇನ್ನೆರಡು ಸಾಲು ಬರೆಸಿ. ಇನ್ಸರ್ಟ್, ವೆಲ್ಡಿಂಗ್ ರಾಡ್, ಕಚ್ಚಾ ಕಬ್ಬಿಣ ವರ್ಷಕ್ಕೆ ಎಷ್ಟು, ಯಾರ ದುಡ್ಡಿನಲ್ಲಿ? ಕಂಪನಿಯ ಫೋರ್‌ಮನ್ ವಾರಕ್ಕೆ ಎಷ್ಟು ಗಂಟೆ ಆ ವರ್ಕ್‌ಶಾಪಿನಲ್ಲಿ ನಿಲ್ಲುತ್ತಾನೆ, ಆ ಹೊತ್ತು ಅವನ ಡ್ಯೂಟಿಗೆ ಸೇರುತ್ತದೆಯೆ?

ಎರಡನೆಯದಕ್ಕೆ ನಮ್ಮಲ್ಲೇ ಲೆಕ್ಕಪತ್ರದವರನ್ನು ಒಪ್ಪಿಸಲು ನನಗೆ ಎರಡು ವರ್ಷ ಹಿಡಿಯಿತು. ಈಗ ಶನಿವಾರ ನಮ್ಮ ಫೋರ್‌ಮನ್ ಐಟಿಐಗೆ ಹೋಗುತ್ತಾರೆ. ಹುಡುಗರು ಅವರನ್ನು ಸಾರ್ ಅನ್ನುವುದಿಲ್ಲ, ಅಣ್ಣ ಅನ್ನುತ್ತಾರೆ. ಹೋಗುವಾಗ ಟೂಲ್‌ರೂಮಿನಲ್ಲಿ ಉಳಿದ ಕಟ್ ಪೀಸುಗಳನ್ನು ಒಯ್ಯುತ್ತಾರೆ. ಮೊದಲ ಸಲ ಸೆಕ್ಯುರಿಟಿಯವರು ತಡೆದರು. ಸ್ಕ್ರ್ಯಾಪ್ ಟೆಂಡರಿಗೆ ಹೋಗಬೇಕಾದದ್ದು, ಗೇಟ್ ಪಾಸಿನಲ್ಲಿ ದಾನಕ್ಕೆ ಕಾಲಂ ಇಲ್ಲ ಅಂದರು. ಅರ್ಧ ದಿನ ಅಲ್ಲೇ ಹೋಯಿತು. ಈಗ ಸ್ಟೋರ್ಸಿನವರು "ಸ್ಯಾಂಪಲ್, ವಾಪಸಿಲ್ಲ" ಅಂತ ಬರೆದು ಸಹಿ ಹಾಕಿಕೊಡುತ್ತಾರೆ. ಕಳೆದ ಶನಿವಾರ ನಲವತ್ತು ಕೆ.ಜಿ. ಸ್ಯಾಂಪಲ್ ಹೋಯಿತು.