ಕೇಬಲ್ ತುಂಡಾದರೆ ಸಮುದ್ರಕ್ಕೆಲ್ಲ ಕರೆಂಟ್ ಬರುತ್ತಾ?

ಪ್ರಶ್ನೆ: ದಡದಿಂದಾಚೆ ನಿಂತ ಹಡಗುಗಳಿಗೆ ಸಮುದ್ರದ ತಳದಲ್ಲಿ 11,000 ವೋಲ್ಟ್ ಕೇಬಲ್ ಎಳೆದು ಕರೆಂಟ್ ಕೊಡಬಹುದಂತೆ. ಅದು ತುಂಡಾದರೆ ಮೀನು, ಮೀನುಗಾರರು ಎಲ್ಲ ಸಾಯಲ್ವಾ?

ಉತ್ತರ: ಇಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಮತ್ತೆ ಕೇಳುತ್ತಾರೆ. ಈ ಸಲ ಪೂರ್ತಿ ಬರೆದೇಬಿಡುತ್ತೇನೆ.

ಭಯ ಹುಟ್ಟಿದ್ದು ಎಲ್ಲಿಂದ ಅಂತ ಗೊತ್ತು. ಮಳೆಗಾಲದಲ್ಲಿ ತಂತಿ ಹರಿದು ಗದ್ದೆಗೆ ಬಿದ್ದು ಜನ, ದನ ಸಾಯುವ ಸುದ್ದಿ ಓದುತ್ತೇವೆ. ಆದರೆ ಅದು ಹೊದಿಕೆಯಿಲ್ಲದ ತಂತಿ. ಮಣ್ಣಿನಲ್ಲಿ, ರಸ್ತೆಯಲ್ಲಿ ಕರೆಂಟ್ ಸಲೀಸಾಗಿ ಹರಿಯುವುದಿಲ್ಲ. ಸೋರುವುದು ಸ್ವಲ್ಪವೇ ಆದ್ದರಿಂದ ಸಬ್‌ಸ್ಟೇಷನ್‌ನ ರಿಲೇಗೆ (ದೋಷ ಪತ್ತೆಹಚ್ಚಿ ಲೈನ್ ಕಟ್ ಮಾಡಿಸುವ ಸಾಧನ) ಅದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ಲೈನ್ ಟ್ರಿಪ್ ಆಗದೆ ತಂತಿ ಹಾಗೇ ಜೀವಂತ ಬಿದ್ದಿರುತ್ತದೆ.

ಸಮುದ್ರದ ಕೇಬಲ್ ಹಾಗಲ್ಲ. ಒಳಗೆ ತಾಮ್ರ, ಅದರ ಮೇಲೆ ದಪ್ಪ ಪ್ಲಾಸ್ಟಿಕ್ ಹೊದಿಕೆ, ಅದರ ಸುತ್ತ ಅರ್ಥ್ ಮಾಡಿದ ಲೋಹದ ಪದರ, ಹೊರಗೆ ಉಕ್ಕಿನ ತಂತಿಗಳ ಕವಚ. ಲಂಗರು ಸಿಕ್ಕಿ ಕೇಬಲ್ ಹರಿದರೆ ಒಳಗಿನ ಕರೆಂಟ್ ಆ ಅರ್ಥ್ ಪದರವನ್ನೇ ಹಿಡಿಯುತ್ತದೆ. ರಿಲೇ ಗುರುತಿಸಿ, ಒಂದೆರಡು ಸೆಕೆಂಡಿನೊಳಗೆ ಬ್ರೇಕರ್ ಕಟ್. ಆಮೇಲೆ ಅಲ್ಲಿರುವುದು ಸತ್ತ ಕೇಬಲ್.

"ಆದರೆ ಉಪ್ಪುನೀರಲ್ಲಿ ಕರೆಂಟ್ ಚೆನ್ನಾಗಿ ಹರಿಯುತ್ತಲ್ವಾ?" ಹರಿಯುತ್ತದೆ. ಅದಕ್ಕೇ ಅಪಾಯ ಕಮ್ಮಿ! ಶಾಕ್ ಹೊಡೆಯಬೇಕಾದರೆ ಮೈಯ ಒಂದು ಕಡೆಗೂ ಇನ್ನೊಂದು ಕಡೆಗೂ ವೋಲ್ಟೇಜ್ ವ್ಯತ್ಯಾಸ ಇರಬೇಕು. ಉಪ್ಪುನೀರಲ್ಲಿ ಆ ವ್ಯತ್ಯಾಸ ತುಂಡಾದ ಜಾಗದಿಂದ ಸ್ವಲ್ಪ ದೂರದಲ್ಲೇ ಕರಗಿಹೋಗುತ್ತದೆ. ನಮ್ಮ ಮೈಗಿಂತ ಸಮುದ್ರದ ನೀರೇ ಒಳ್ಳೆಯ ವಾಹಕ, ಹಾಗಾಗಿ ಕರೆಂಟಿನ ಹೆಚ್ಚಿನ ಪಾಲು ನೀರಲ್ಲೇ ಹೋಗುತ್ತದೆ. ಈ ವಿಷಯದಲ್ಲಿ ಕೆರೆಯ ಸಿಹಿನೀರೇ ಜಾಸ್ತಿ ಅಪಾಯ.

ಇನ್ನೂ ನಂಬಿಕೆ ಬರಲಿಲ್ಲವೇ? ಸ್ವೀಡನ್ನಿನವರು 1954ರಲ್ಲಿ ಬಾಲ್ಟಿಕ್ ಸಮುದ್ರದ ಗೋಟ್‌ಲ್ಯಾಂಡ್ ದ್ವೀಪಕ್ಕೆ ಒಂದೇ ಕೇಬಲ್ ಎಳೆದರು. ವಾಪಸ್ ಬರುವ ಕರೆಂಟನ್ನು ಬೇಕಂತಲೇ ಸಮುದ್ರದ ನೀರಿನ ಮೂಲಕವೇ ಹರಿಸಿದರು. ಬಾಲ್ಟಿಕ್ ಸಮುದ್ರ ಇನ್ನೂ ಅಲ್ಲೇ ಇದೆ. ನಮ್ಮಲ್ಲೂ ಮುಂಬೈ ಹತ್ತಿರದ ಎಲಿಫೆಂಟಾ ದ್ವೀಪಕ್ಕೆ 2018ರಿಂದ ಕರೆಂಟ್ ಹೋಗುತ್ತಿರುವುದು ಸಮುದ್ರದಡಿಯ ಕೇಬಲ್‌ನಲ್ಲೇ.

ಲಂಗರು, ಮೀನಿನ ಬಲೆಗಳಿಂದ ಕೇಬಲ್‌ಗೆ ಪೆಟ್ಟು ಬೀಳುವುದಂತೂ ನಿಜ. ಅದಕ್ಕೇ ಸಾಧ್ಯವಾದಲ್ಲೆಲ್ಲ ತಳದ ಮಣ್ಣಿನಲ್ಲಿ ಹೂಳುತ್ತಾರೆ. ತೇಲುವ ಹಡಗಿಗೆ ಏರುವ ಕಡೆ ಮಾತ್ರ ಅಲೆಗೆ ಬಾಗಲು ಸಡಿಲ ಬಿಡುತ್ತಾರೆ.

ಅಷ್ಟೊಂದು ವೋಲ್ಟೇಜ್ ಯಾಕೆ ಅಂತೀರಾ? ದೊಡ್ಡ ಪ್ರವಾಸಿ ಹಡಗಿಗೆ 10 ಮೆಗಾವಾಟ್ ಬೇಕು ಅಂದುಕೊಳ್ಳಿ. 440 ವೋಲ್ಟ್‌ನಲ್ಲಿ ಕೊಟ್ಟರೆ ಸುಮಾರು 13,000 ಆಂಪಿಯರ್. 11,000 ವೋಲ್ಟ್‌ನಲ್ಲಿ 525 ಸಾಕು. ಆಂಪಿಯರ್ ಕಮ್ಮಿಯಾದರೆ ಕೇಬಲ್ ಅಷ್ಟು ದಪ್ಪ ಬೇಕಿಲ್ಲ.

ಯಾರೂ ಕೇಳದ ಪ್ರಶ್ನೆ ಬೇರೆಯೇ ಇದೆ. ನಮ್ಮ ಕರೆಂಟ್ 50 ಹರ್ಟ್ಜ್ (ಅಂದರೆ ಸೆಕೆಂಡಿಗೆ 50 ಆವರ್ತ), ಹೆಚ್ಚಿನ ದೊಡ್ಡ ಹಡಗುಗಳದ್ದು 60. ಅಂಥ ಹಡಗಿಗೆ ಕೊಡಬೇಕಾದರೆ ನಡುವೆ 50 ಅನ್ನು 60 ಮಾಡುವ ಫ್ರೀಕ್ವೆನ್ಸಿ ಕನ್ವರ್ಟರ್ ಬೇಕು. ಅದಿಲ್ಲದೆ ನೇರವಾಗಿ ಜೋಡಿಸಿದರೆ ಹಡಗಿನ ಪಂಪು, ಫ್ಯಾನುಗಳು ನಿಧಾನವಾಗಿ ತಿರುಗುತ್ತವೆ, ಮೋಟಾರ್‌ಗಳು ಬಿಸಿಯಾಗುತ್ತವೆ. ಕೇಬಲ್ ಬಗ್ಗೆ ತಲೆ ಕೆಡಿಸಿಕೊಳ್ಳುವವರು ಮೊದಲು ಈ ಕನ್ವರ್ಟರ್ ಎಷ್ಟು ದುಬಾರಿ ಅಂತ ವಿಚಾರಿಸಿ.