ವಾರಂಟ್ ಇರಲಿಲ್ಲ, ಹಾಗಂತ ಕೇಸ್ ಬೀಳಲ್ಲ

ವಾರಕ್ಕೊಬ್ಬರಾದರೂ ಫೈಲ್ ಕಂಕುಳಲ್ಲಿ ಇಟ್ಟುಕೊಂಡು ಬಂದು ಇದನ್ನೇ ಕೇಳುತ್ತಾರೆ. 'ವಾರಂಟ್ ಇಲ್ಲದೆ ಮನೆಯೆಲ್ಲ ಜಾಲಾಡಿದ್ದಾರೆ ಸಾರ್. ಇನ್ನು ಕೇಸ್ ನಿಲ್ಲಲ್ಲ ಅಲ್ವಾ?'

ನಿಲ್ಲಬಹುದು. ನಮ್ಮ ದೇಶದ ಕಾನೂನು ಅಮೆರಿಕದ ಸಿನಿಮಾದ ಹಾಗಲ್ಲ. ಶೋಧ ತಪ್ಪು ರೀತಿಯಲ್ಲಿ ನಡೆದಿದ್ದರೂ, ಸಿಕ್ಕಿದ್ದು ಪ್ರಕರಣಕ್ಕೆ ಸಂಬಂಧಪಟ್ಟಿದ್ದರೆ ಅದನ್ನು ಸಾಕ್ಷ್ಯವಾಗಿ ತೆಗೆದುಕೊಳ್ಳಬಹುದು ಅಂತ ಸುಪ್ರೀಂ ಕೋರ್ಟ್ 1973ರಲ್ಲೇ ಪೂರಣ್ ಮಲ್ ಪ್ರಕರಣದಲ್ಲಿ ಹೇಳಿದೆ. ಅದಕ್ಕೂ ಹಿಂದಿನ ವರ್ಷ ಮಲ್ಕಾನಿ ಪ್ರಕರಣ. ಫೋನಿಗೆ ಟೇಪ್ ರೆಕಾರ್ಡರ್ ಜೋಡಿಸಿ ಹಿಡಿದ ಲಂಚದ ಮಾತು. ಅದೂ ಸಾಕ್ಷ್ಯವಾಗಿ ಒಳಗೆ ಬಂತು.

ಮಲ್ಕಾನಿ ತೀರ್ಪಿನಲ್ಲಿ ಇನ್ನೊಂದು ಮಾತಿದೆ. ಆರೋಪಿಗೆ ಅನ್ಯಾಯವಾಗುತ್ತದೆ ಅನಿಸಿದರೆ ಇಂಥ ಸಾಕ್ಷ್ಯ ಬೇಡ ಅನ್ನುವ ವಿವೇಚನೆ ಜಡ್ಜ್‌ಗೆ ಇದೆ. ಆದರೆ ವಿವೇಚನೆ ಅಂದರೆ ನಮ್ಮ ಹಕ್ಕಲ್ಲ. ಕೇಳುವುದು ನಮ್ಮ ಕೆಲಸ, ಒಪ್ಪುವುದು ಬಿಡುವುದು ಅವರದು. ಅದೊಂದನ್ನೇ ನೆಚ್ಚಿಕೊಂಡು ನಾನಂತೂ ಯಾವ ಕೇಸೂ ನಡೆಸಿಲ್ಲ.

ಕಾನೂನೇ ಬಾಗಿಲು ಹಾಕಿರುವ ಕಡೆ ಮಾತು ಬೇರೆ. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆ ನಡೆಯುವುದಿಲ್ಲ. ಆದರೆ ಅದರಿಂದ ವಸ್ತು ಪತ್ತೆಯಾಗಿದ್ದರೆ, ಅಷ್ಟು ಭಾಗ ನಡೆಯುತ್ತದೆ. ಮಾದಕ ವಸ್ತು ಕೇಸಿನಲ್ಲಿ ಮೈ ತಪಾಸಣೆಗೆ ಮೊದಲು 'ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟ್ ಮುಂದೆ ಮಾಡಿಸಿಕೊಳ್ಳುವ ಹಕ್ಕು ನಿನಗಿದೆ' ಅಂತ ಹೇಳಲೇಬೇಕು. ಹೇಳದಿದ್ದರೆ ಮೈಮೇಲೆ ಸಿಕ್ಕ ಮಾಲಿನ ಮೇಲೆ ಶಿಕ್ಷೆ ಕೊಡುವಂತಿಲ್ಲ ಅಂತ 1999ರ ಬಲದೇವ್ ಸಿಂಗ್ ತೀರ್ಪು. ಅದೇ ಮಾಲು ಕೈಯಲ್ಲಿದ್ದ ಚೀಲದಲ್ಲಿ ಸಿಕ್ಕರೆ? ಆ ನಿಯಮ ಚೀಲಕ್ಕಿಲ್ಲ.

ನಾನು ದಿನವೂ ಗಂಟಲು ಹರಿಯುವ ಹಾಗೆ ಹೇಳುವುದು ಇಷ್ಟು. ಸಾಕ್ಷ್ಯ ಒಳಗೆ ಬರುವುದು ಬೇರೆ, ಅದನ್ನು ನಂಬುವುದು ಬೇರೆ. ಒಳಗೆ ಬಂತು ಅಂದ ಮಾತ್ರಕ್ಕೆ ಸೋತಿರಿ ಅಂತಲ್ಲ. ಶೋಧದ ಲೋಪಗಳು ಕೆಲಸಕ್ಕೆ ಬರುವುದೇ ಇಲ್ಲಿ: ಸೀಲ್ ಸರಿ ಇತ್ತಾ, ಮಹಜರು, ಅಂದರೆ ಸ್ಥಳದಲ್ಲಿ ಏನು ಸಿಕ್ಕಿತು ಅನ್ನುವ ದಾಖಲೆ, ಎಲ್ಲಿ ಬರೆದರು, ಅದಕ್ಕೆ ಸಾಕ್ಷಿಯಾಗಿ ಸಹಿ ಹಾಕುವ ಪಂಚರು ನಿಜಕ್ಕೂ ಅಲ್ಲಿದ್ದರಾ. ಇದೂ ಎಲ್ಲ ಕೇಸಿಗೂ ಒಂದೇ ಥರ ಕೂರುವುದಿಲ್ಲ, ನಿಮ್ಮ ವಕೀಲರನ್ನು ಕೇಳಿ.

ಹಿಂದೊಮ್ಮೆ ಒಬ್ಬ ಹಿರಿಯರ ಕೇಸು. ಪ್ರತಿ ವಾಯಿದೆಗೂ 'ವಾರಂಟ್, ವಾರಂಟ್' ಅಂತ ನನ್ನ ಕೋಟು ಜಗ್ಗುತ್ತಿದ್ದರು. ನಾನು ಆ ಕಡೆ ಹೋಗಲೇ ಇಲ್ಲ. ಪಾಟಿ ಸವಾಲಿನಲ್ಲಿ ಪಂಚನನ್ನು ಸುಮ್ನೆ ಕೇಳಿದೆ, 'ಸಹಿ ಎಲ್ಲಿ ಹಾಕಿದಿರಿ?' 'ಸ್ಟೇಷನ್‌ನಲ್ಲೇ ಸ್ವಾಮಿ, ಬರೆದು ಇಟ್ಟಿದ್ರು' ಅಂದ. ಜಡ್ಜ್ ಪೆನ್ನು ನಿಲ್ಲಿಸಿ ತಲೆ ಎತ್ತಿದರು. ಕೊನೆಗೆ ಬಿಡುಗಡೆ ಆಯಿತು.

ಹೊರಗೆ ಬಂದ ಹಿರಿಯರ ಮುಖ ಇನ್ನೂ ಗಂಟಿಕ್ಕೇ ಇತ್ತು. 'ಆದ್ರೂ ಸಾರ್, ನೀವು ವಾರಂಟ್ ವಿಷಯ ಎತ್ತಲೇ ಇಲ್ಲ.'